ಎರಡು ಕಾಲಂನ ನೋಟ್‌ಬುಕ್

ಪಿಯುಸಿ ಮೊದಲ ವಾರ. ರಾಣೆಬೆನ್ನೂರಿನ ಒಂದು ಕಾಲೇಜು. ಗಣಿತದ ಸರ್ ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಬರೆದರು. ಸೀಮೆಸುಣ್ಣವನ್ನು ನನ್ನ ಕಡೆ ತೋರಿಸಿ, "ವಾಟ್ ಈಸ್ ದ ಡಿನಾಮಿನೇಟರ್?" ಅಂದರು. ನಾನು ಎದ್ದು ನಿಂತೆ. ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮಾಧ್ಯಮ. ಗಣಿತದಲ್ಲಿ 96 ಬಂದಿತ್ತು. ಬೋರ್ಡಿನ ಮೇಲಿನ ಆ ಗೆರೆಯ ಕೆಳಗಿದ್ದದ್ದು ಛೇದ, ಮೇಲಿದ್ದದ್ದು ಅಂಶ. ಛೇದ ಸೊನ್ನೆ ಆಗಬಾರದು, ಯಾಕೆ ಆಗಬಾರದು, ಎಲ್ಲ ನನಗೆ ಗೊತ್ತಿತ್ತು. ಡಿನಾಮಿನೇಟರ್ ಅನ್ನೋ ಪದ ಮಾತ್ರ ಗೊತ್ತಿರಲಿಲ್ಲ. ಸರ್ ಒಂದು ಕ್ಷಣ ಕಾದರು. "ಯಾಕವಾ, ಐದನೇತ್ತೆ ಹುಡುಗರಿಗೆ ಗೊತ್ತಿರತದ ಇದು" ಅಂದು ಮುಂದಿನ ಬೆಂಚಿಗೆ ಹೋದರು. ಅವರಿಗೆ ಸಿಟ್ಟೇನೂ ಇರಲಿಲ್ಲ. ಕ್ಲಾಸಿನಲ್ಲಿ 80 ಜನ ಇದ್ದೆವು, ಪೋರ್ಷನ್ ಮುಗಿಸಬೇಕಿತ್ತು.

ಆ ರಾತ್ರಿ ಹಾಸ್ಟೆಲಿನಲ್ಲಿ ಸೆಕೆಂಡ್ ಇಯರ್ ಅಕ್ಕ ಒಬ್ಬರು ನನ್ನ ಹಾಸಿಗೆ ಹತ್ತಿರ ಬಂದು ಕೂತರು. "ಅಳಬ್ಯಾಡ. ನಿನಗ ಗಣಿತ ಬರತದ. ಇಂಗ್ಲಿಷ್ ಅಷ್ಟ ಬರಂಗಿಲ್ಲ. ಎರಡೂ ಬ್ಯಾರೆ ಬ್ಯಾರೆ" ಅಂದರು. ನೂರು ಪುಟದ ಒಂದು ನೋಟ್‌ಬುಕ್ ತೆಗೆದು, ಸ್ಕೇಲ್ ಇಟ್ಟು, ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದರು. ಎಡಕ್ಕೆ ಛೇದ, ಬಲಕ್ಕೆ ಡಿನಾಮಿನೇಟರ್. ಎಡಕ್ಕೆ ಸ್ಪರ್ಶಕ, ಬಲಕ್ಕೆ ಟ್ಯಾಂಜೆಂಟ್. ವರ್ಗಮೂಲ, ಅಪವರ್ತನ, ಲಂಬ, ಸಮೀಕರಣ. ರೊಟ್ಟಿ ಊಟ ಮುಗಿದ ಮೇಲೆ ದಿನಾ ಅರ್ಧ ಗಂಟೆ. ದಸರಾ ರಜೆ ಬರುವ ಹೊತ್ತಿಗೆ ನನಗೆ ಆ ನೋಟ್‌ಬುಕ್ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ.

ಎರಡು ತಿಂಗಳು, ದಿನಕ್ಕೆ ಅರ್ಧ ಗಂಟೆ. ನಾನು ಈವತ್ತು ಗಣಿತ ಕಲಿಸಿ ಬದುಕುತ್ತಿರೋದು ಆ ಅರ್ಧ ಗಂಟೆಯಿಂದ. ಮುಂದೆ ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಗೊತ್ತಾಯಿತು, ಇಂಥದ್ದೇ ಅರ್ಧ ಗಂಟೆಯ ಬಗ್ಗೆ ಇಲ್ಲಿ ಮೇಯರ್‌ಗಳು ಭಾಷಣ ಮಾಡಿದ್ದಾರೆ, ರಾಜ್ಯಗಳು ಕಾನೂನು ಮಾಡಿವೆ, ಕೋರ್ಟಿನಲ್ಲಿ ಕೇಸು ನಡೆದಿದೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಇಲ್ಲಿ ಅದಕ್ಕೆ ಡೆವಲಪ್‌ಮೆಂಟಲ್ ಎಜುಕೇಷನ್ ಅನ್ನುತ್ತಾರೆ. ಹಳೇ ಹೆಸರು ರಿಮೀಡಿಯಲ್. ನಮ್ಮ ಶಾಲೆಗಳಲ್ಲಿ 'ಪರಿಹಾರ ಬೋಧನೆ' ಅನ್ನುತ್ತೇವಲ್ಲ, ಅದರ ಕಾಲೇಜು ರೂಪ. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಬಂದಿರುತ್ತಾರೆ, ಆದರೆ ಕಾಲೇಜಿನ ಗಣಿತಕ್ಕೋ ಬರವಣಿಗೆಗೋ ಇನ್ನೂ ತಯಾರಾಗಿರೋದಿಲ್ಲ. ಅವರನ್ನು ಅಲ್ಲಿಯವರೆಗೆ ಮುಟ್ಟಿಸುವ ಕ್ಲಾಸುಗಳು ಇವು. "ಹೈಸ್ಕೂಲಿನ ಪಾಠವನ್ನು ಕಾಲೇಜಿನಲ್ಲಿ ಯಾಕೆ ಮಾಡಬೇಕು?" ಅನ್ನೋ ಪ್ರಶ್ನೆ ಎಷ್ಟು ಹಳೆಯದೋ ಈ ಕ್ಲಾಸುಗಳೂ ಅಷ್ಟೇ ಹಳೆಯವು. ಈಗ ದೊಡ್ಡ ಹೆಸರು ಮಾಡಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1849ರ ಫೆಬ್ರವರಿಯಲ್ಲಿ ಶುರು ಮಾಡಿದ ಮೊದಲ ಕ್ಲಾಸೇ ಪೂರ್ವಸಿದ್ಧತೆಯ ಕ್ಲಾಸು. ಅದರಲ್ಲಿ ಇದ್ದದ್ದು 17 ಹುಡುಗರು. ಕಾಲೇಜಿನ ಪಾಠಕ್ಕೆ ತಯಾರಾದವರು ಸಿಗದಿದ್ದಾಗ, ತಯಾರು ಮಾಡೋದೂ ತಮ್ಮದೇ ಕೆಲಸ ಅಂತ ಅವರು ಅಂದುಕೊಂಡರು.

ನಾನು ಕೆಲಸ ಮಾಡಿದ್ದು ನ್ಯೂಜೆರ್ಸಿಯ ಒಂದು ಕಮ್ಯುನಿಟಿ ಕಾಲೇಜಿನ (ಎರಡು ವರ್ಷದ ಡಿಗ್ರಿ ಕೊಡುವ ಸರ್ಕಾರಿ ಕಾಲೇಜು) ಮ್ಯಾಥ್ ಲ್ಯಾಬಿನಲ್ಲಿ, ಪಾರ್ಟ್ ಟೈಮ್, ಒಂಬತ್ತು ವರ್ಷ. ಲ್ಯಾಬ್ ಅಂದರೆ ನೆಲಮಾಳಿಗೆಯ ಒಂದು ಉದ್ದ ಕೋಣೆ. ಆರು ದುಂಡು ಟೇಬಲ್, ಒಂದು ಡಬ್ಬಿ ತುಂಬ ಗಿಡ್ಡ ಪೆನ್ಸಿಲ್, ಬಾಗಿಲ ಹತ್ತಿರ ಸಹಿ ಮಾಡುವ ಹಾಳೆ. ಯಾರು ಬೇಕಾದರೂ ಬಂದು ಕೂರಬಹುದು. ನಾವು ಟೇಬಲಿನಿಂದ ಟೇಬಲಿಗೆ ಹೋಗಿ ಹೇಳಿಕೊಡಬೇಕು.

ಮೊದಲ ವರ್ಷವೇ ಹೈಟಿ ದೇಶದ ಹೆಣ್ಣುಮಗಳೊಬ್ಬರು ಬರುತ್ತಿದ್ದರು. ನಲವತ್ತು ದಾಟಿದ ವಯಸ್ಸು. ಹಗಲು ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, ಸಂಜೆ ಕಾಲೇಜು. ನರ್ಸಿಂಗ್ ಓದಬೇಕು ಅಂತ ಆಸೆ. ಸೇರುವಾಗ ಕಂಪ್ಯೂಟರ್ ಮೇಲಿನ ಒಂದು ಪರೀಕ್ಷೆ ಬರೆಸಿ ಅವರನ್ನು ಎಲ್ಲಕ್ಕಿಂತ ಕೆಳಗಿನ ಗಣಿತಕ್ಕೆ ಹಾಕಿದ್ದರು. ಅಂದರೆ ಕೂಡು, ಕಳೆ, ಗುಣಿಸು, ಭಾಗಿಸು. ಒಂದು ದಿನ ಅವರ ಹಾಳೆಯ ಮೇಲೆ 47ನ್ನು 4ರಿಂದ ಭಾಗಿಸಿದ ಲೆಕ್ಕ ಇತ್ತು. ಪಕ್ಕದಲ್ಲಿ ಯಾರೋ ಕೆಂಪು ಪೆನ್ನಿನಲ್ಲಿ ಕ್ರಾಸ್ ಹಾಕಿದ್ದರು. "ಮಿಸ್, ಇದು ಯಾಕೆ ತಪ್ಪು?" ಅಂತ ಕೇಳಿದರು.

ನಾನು ಹಾಳೆಯನ್ನೇ ನೋಡಿದೆ. 47 ಎಡಗಡೆ ಇತ್ತು. ಅದರ ಪಕ್ಕ ಒಂದು ಉದ್ದ ಗೆರೆ. ಗೆರೆಯ ಬಲಕ್ಕೆ 4, ಆ ನಾಲ್ಕರ ಕೆಳಗೆ ಉತ್ತರ: 11,75. ಹೈಟಿಯಲ್ಲಿ ಫ್ರೆಂಚರ ಪದ್ಧತಿ. ಭಾಜಕ ಬಲಕ್ಕೆ ಬರುತ್ತದೆ, ಭಾಗಲಬ್ಧ ಅದರ ಕೆಳಗೆ, ದಶಮಾಂಶಕ್ಕೆ ಚುಕ್ಕೆ ಬದಲು ಅಲ್ಪವಿರಾಮ. ಅಮೆರಿಕದವರು ಭಾಗಲಬ್ಧವನ್ನು ತಲೆಯ ಮೇಲೆ ಬರೆಯುತ್ತಾರೆ. ನಾನು ಊರಿನಲ್ಲಿ ಕಲಿತದ್ದು ಇನ್ನೊಂದು ಥರ. ಎಡಕ್ಕೆ ಭಾಜಕ, ನಡುವೆ ಭಾಜ್ಯ, ಬಲಕ್ಕೆ ಭಾಗಲಬ್ಧ. ಮೂರೂ ಸರಿ, ಮೂರರಲ್ಲೂ ಹನ್ನೊಂದು ಮುಕ್ಕಾಲೇ ಬರುತ್ತದೆ. ನಾನು ಹಾಳೆಯ ಹಿಂಭಾಗದಲ್ಲಿ ಮೂರನ್ನೂ ಅಕ್ಕಪಕ್ಕ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಹಾಗಾದರೆ ನನಗೆ ಭಾಗಾಕಾರ ಬರುತ್ತದೆ" ಅಂದರು. ಅವರ ದನಿಯಲ್ಲಿ ಪ್ರಶ್ನೆ ಇರಲಿಲ್ಲ.

ನನಗೆ ಹಾಸ್ಟೆಲಿನ ಅಕ್ಕ ನೆನಪಾದರು.

ಮನೆಗೆ ಬಂದು ಈ ವಿಷಯ ಓದಲು ಶುರು ಮಾಡಿದ್ದು ಆಗಲೇ. ಎಲ್ಲಿಂದ ಶುರು ಮಾಡಿದರೂ ದಾರಿ ನದಿಯಾಚೆಯ ನ್ಯೂಯಾರ್ಕಿಗೆ ಹೋಗಿ ನಿಲ್ಲುತ್ತಿತ್ತು. ಹಾರ್ಲೆಮ್‌ನ ಗುಡ್ಡದ ಮೇಲಿರುವ ಸಿಟಿ ಕಾಲೇಜಿಗೆ. 1847ರಲ್ಲಿ ಶುರುವಾದ ಕಾಲೇಜು ಅದು. ಬಡವರ ಮಕ್ಕಳಿಗೆ ಫೀಸಿಲ್ಲದೆ ಓದಿಸಬೇಕು ಅಂತಲೇ ಕಟ್ಟಿದ್ದು. ವಲಸೆ ಬಂದ ಯಹೂದಿ, ಇಟಾಲಿಯನ್ ಮನೆಗಳ ಎಷ್ಟೋ ಮಕ್ಕಳು ಅಲ್ಲಿ ಓದಿ ಮೇಲೆ ಬಂದರು. ಆದರೆ 1960ರ ದಶಕ ಬರುವ ಹೊತ್ತಿಗೆ ಗುಡ್ಡದ ಕೆಳಗೆ ಇದ್ದವರು ಕಪ್ಪು ಜನ, ಅಮೆರಿಕದ ಆಡಳಿತದಲ್ಲಿರುವ ಪೋರ್ಟೊರಿಕೊ ದ್ವೀಪದಿಂದ ಬಂದ ಜನ. ಗುಡ್ಡದ ಮೇಲೆ ಓದುತ್ತಿದ್ದವರು ಹೆಚ್ಚೂ ಕಡಿಮೆ ಎಲ್ಲ ಬಿಳಿಯರು. ಮೆರಿಟ್ ಲೆಕ್ಕದಲ್ಲಿ ಸೀಟು. ಕೆಳಗಿನ ಓಣಿಯ ಶಾಲೆಗಳಿಂದ ಆ ಮೆರಿಟ್ ಮುಟ್ಟೋದು ಕಷ್ಟ.

1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣ ಭಾಗದ ಗೇಟಿಗೆ ಬೀಗ ಹಾಕಿ ಸುಮಾರು ಎರಡು ವಾರ ಕೂತರು. ನಗರದ ಹೈಸ್ಕೂಲುಗಳಲ್ಲಿ ನಮ್ಮವರು ಎಷ್ಟು ಜನ ಇದ್ದಾರೋ ಕಾಲೇಜಿನಲ್ಲೂ ಆ ಪ್ರಮಾಣದಲ್ಲಿ ಇರಬೇಕು ಅನ್ನೋದು ಅವರ ಒಂದು ಬೇಡಿಕೆ. ಕೊನೆಗೆ, ಸಿಟಿ ಕಾಲೇಜೂ ಸೇರಿ ನಗರದ ಸರ್ಕಾರಿ ಕಾಲೇಜುಗಳನ್ನು ನಡೆಸುವ ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿ ಅದಕ್ಕಿಂತ ದೊಡ್ಡ ತೀರ್ಮಾನ ಮಾಡಿತು. ನಗರದ ಹೈಸ್ಕೂಲ್ ಪಾಸಾದ ಯಾರಿಗೇ ಆಗಲಿ, ಅದರ ಯಾವುದಾದರೂ ಒಂದು ಕಾಲೇಜಿನಲ್ಲಿ ಸೀಟು ಖಚಿತ. 1975ಕ್ಕೆ ಮಾಡೋಣ ಅಂತಿದ್ದದ್ದನ್ನು 1970ಕ್ಕೇ ತಂದರು. 1969ರಲ್ಲಿ ಮೊದಲ ವರ್ಷಕ್ಕೆ ಸೇರಿದವರು ಸುಮಾರು 20,000. ಮರುವರ್ಷ ಸುಮಾರು 35,000.

ಒಂದೇ ವರ್ಷದಲ್ಲಿ ಅಷ್ಟು ಜನ! ಬಾಗಿಲು ತೆರೆದಾಯಿತು. ಒಳಗೆ ಬಂದವರಿಗೆ ಯಾರು ಏನು ಕಲಿಸಬೇಕು?

ಇಲ್ಲಿ ಮಿನಾ ಶಾನೆಸಿ ಬರುತ್ತಾರೆ. ಈ ವಿಷಯದಲ್ಲಿ ನಾನು ಗುರು ಅಂತ ಇಟ್ಟುಕೊಂಡಿರೋದು ಇವರನ್ನು. ಹುಟ್ಟಿದ್ದು 1924ರಲ್ಲಿ ಸೌತ್ ಡಕೋಟಾದ ಲೀಡ್ ಅನ್ನೋ ಊರಿನಲ್ಲಿ. ನಮ್ಮ ಕೆಜಿಎಫ್ ಥರ ಚಿನ್ನದ ಗಣಿಯಿಂದ ಬೆಳೆದ ಊರು. ಸಿಟಿ ಕಾಲೇಜಿನಲ್ಲಿ ಬರವಣಿಗೆಯ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದರು. ಆಡ್ರಿ ಲಾರ್ಡ್, ಜೂನ್ ಜೋರ್ಡನ್, ಏಡ್ರಿಯನ್ ರಿಚ್ ಥರದ ಕವಿಗಳು ಆಗ ಅಲ್ಲಿ ಇದೇ ಮಕ್ಕಳಿಗೆ ವಾಕ್ಯ ಬರೆಯಲು ಕಲಿಸುತ್ತಿದ್ದರು. ಹೊಸಬರ ಬರಹ ನೋಡಿ ಹಲವು ಪ್ರಾಧ್ಯಾಪಕರು ಕೈಚೆಲ್ಲಿದ್ದರು. ಇವರಿಗೆ ಕಲಿಸಲು ಆಗೋದಿಲ್ಲ ಅನ್ನೋದು ಅವರ ಅಭಿಪ್ರಾಯ. ಶಾನೆಸಿ ಅದನ್ನು ಒಪ್ಪಲಿಲ್ಲ. 1970ರಿಂದ 1974ರವರೆಗೆ ಸೇರಿದ ವಿದ್ಯಾರ್ಥಿಗಳು ಪ್ರವೇಶದ ಹೊತ್ತಿಗೆ ಬರೆದ ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಕೂತರು. ಒಂದೊಂದು ತಪ್ಪನ್ನೂ ನೋಡಿದರು. ಕ್ರಿಯಾಪದ ಎಲ್ಲಿ ಜಾರಿತು, ವಾಕ್ಯ ಎಲ್ಲಿ ಮುರಿಯಿತು, ಬರೆಯುವವರು ಯಾವ ಪದದ ಮುಂದೆ ಹೆದರಿ ನಿಂತರು.

ಅವರಿಗೆ ಕಂಡದ್ದು ಇದು. ಈ ತಪ್ಪುಗಳು ಬೇಕಾಬಿಟ್ಟಿ ಆದವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಲೆಕ್ಕಾಚಾರ ಇದೆ. ಬರೆಯುವವರು ತಮಗೆ ಗೊತ್ತಿರುವ ನಿಯಮವನ್ನು ಗೊತ್ತಿಲ್ಲದ ಜಾಗದಲ್ಲಿ ಹಾಕಿ ನೋಡುತ್ತಿದ್ದಾರೆ. ಅವರು ಬುದ್ಧಿ ಇಲ್ಲದವರಲ್ಲ, ಈ ಬರವಣಿಗೆಗೆ ಹೊಸಬರು. 1977ರಲ್ಲಿ ಇದನ್ನೆಲ್ಲ 'ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್' ಅನ್ನೋ ಪುಸ್ತಕ ಮಾಡಿದರು. ಮರುವರ್ಷವೇ ಕ್ಯಾನ್ಸರ್‌ನಿಂದ ತೀರಿಕೊಂಡರು, 54ನೇ ವಯಸ್ಸಿಗೆ.

ಪುಸ್ತಕ ಬರುವ ಹೊತ್ತಿಗೆ ಅದು ಯಾವ ಕಾರ್ಯಕ್ರಮದಿಂದ ಹುಟ್ಟಿತ್ತೋ ಆ ಕಾರ್ಯಕ್ರಮವೇ ಬಡವಾಗಿತ್ತು. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂತು. 1976ರಲ್ಲಿ ಸಂಬಳ ಕೊಡಲು ದುಡ್ಡಿಲ್ಲದೆ ಇಡೀ ವಿಶ್ವವಿದ್ಯಾಲಯ ಎರಡು ವಾರ ಬಾಗಿಲು ಹಾಕಿತು. ಅದೇ ವರ್ಷ, 129 ವರ್ಷ ಇಲ್ಲದ ಫೀಸು ಬಂತು. ಸಾವಿರಾರು ಅಧ್ಯಾಪಕರು ಕೆಲಸ ಕಳೆದುಕೊಂಡರು. ಕಪ್ಪು, ಕಂದು ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬಂದು ಆರೇ ವರ್ಷ ಆಗಿತ್ತು. ಬೇರೆ ಕಾರಣಗಳೂ ಇದ್ದವು, ಗೊತ್ತು. ಆದರೂ 1970, 1976 ಈ ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಇಪ್ಪತ್ತು ವರ್ಷ ಹೀಗೇ ಕುಂಟುತ್ತ ನಡೆಯಿತು. 1998ರ ಜನವರಿಯಲ್ಲಿ ಮೇಯರ್ ರೂಡಿ ಜೂಲಿಯಾನಿ ತಮ್ಮ ವಾರ್ಷಿಕ ಭಾಷಣದಲ್ಲೇ ಸಿಟಿ ಯೂನಿವರ್ಸಿಟಿಯ ಈ ಕ್ಲಾಸುಗಳ ಮೇಲೆ ತಿರುಗಿಬಿದ್ದರು. ಗುಣಮಟ್ಟ ಹಾಳಾಗಿದೆ, ಇದು ನಿಲ್ಲಬೇಕು ಅನ್ನೋದು ಅವರ ವಾದ. ತೀರ್ಮಾನ ಮಾಡಬೇಕಾದದ್ದು ವಿಶ್ವವಿದ್ಯಾಲಯದ ಟ್ರಸ್ಟಿಗಳ ಮಂಡಳಿ. ಆ ಮಂಡಳಿಯಲ್ಲಿ 17 ಜನ. ಹತ್ತು ಜನರನ್ನು ಗವರ್ನರ್ ನೇಮಿಸುತ್ತಾರೆ, ಐವರನ್ನು ಮೇಯರ್. ವಿದ್ಯಾರ್ಥಿಗಳ ಕಡೆಯಿಂದ ಒಬ್ಬರು. ಅಧ್ಯಾಪಕರ ಕಡೆಯಿಂದ ಒಬ್ಬರು ಕೂರುತ್ತಾರೆ, ಆದರೆ ಅವರಿಗೆ ಮತ ಇಲ್ಲ. ಪ್ರತಿದಿನ ಆ ಮಕ್ಕಳ ಹಾಳೆ ನೋಡುವವರಿಗೆ ಮಾತ್ರ ಮತ ಇಲ್ಲ!

1998ರ ಮೇ ತಿಂಗಳಲ್ಲಿ ಮತ ಹಾಕಿದರು. ಒಂಬತ್ತು ಪರ, ಆರು ವಿರೋಧ. ನಾಲ್ಕು ವರ್ಷದ ಡಿಗ್ರಿ ಕೊಡುವ ಸೀನಿಯರ್ ಕಾಲೇಜುಗಳಲ್ಲಿ ರಿಮೀಡಿಯಲ್ ಕ್ಲಾಸು ಇನ್ನು ಇಲ್ಲ. ಅಂಥ ಕ್ಲಾಸು ಬೇಕಾದವರು ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಹೋಗಬೇಕು. ಸಭೆ ನಡೆಸಿದ ರೀತಿ ತೆರೆದ ಸಭೆಗಳ ಕಾನೂನಿಗೆ ವಿರುದ್ಧ ಅಂತ ಕೋರ್ಟು ಆ ಮತವನ್ನು ತಡೆಯಿತು. 1999ರ ಜನವರಿಯಲ್ಲಿ ಮತ್ತೆ ಮತ ಹಾಕಿ ಪಾಸು ಮಾಡಿಕೊಂಡರು. ಯೇಲ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಬೆನ್ನೊ ಸ್ಮಿತ್ ಅವರ ನೇತೃತ್ವದಲ್ಲಿ ಮೇಯರ್ ನೇಮಿಸಿದ್ದ ಸಮಿತಿ ತನ್ನ ವರದಿ ಕೊಟ್ಟದ್ದು ಅದೇ ವರ್ಷದ ಜೂನ್‌ನಲ್ಲಿ. ಅಂದರೆ ಮೊದಲು ಮತ, ಆಮೇಲೆ ವರದಿ.

ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವವರು ಹರ್ಮನ್ ಬಡಿಯೊ. ಆಗ ಮಂಡಳಿಯ ಉಪಾಧ್ಯಕ್ಷರು, ಮುಂದೆ ಅಧ್ಯಕ್ಷರಾದರು. ಹುಟ್ಟಿದ್ದು ಪೋರ್ಟೊರಿಕೊದಲ್ಲಿ. ತಂದೆತಾಯಿ ಇಲ್ಲದ ಹುಡುಗ, ಹನ್ನೊಂದನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದರು. ಹೋಟೆಲಿನಲ್ಲಿ ತಟ್ಟೆ ತೊಳೆದರು. 1951ರಲ್ಲಿ ಫೀಸಿಲ್ಲದ ಅದೇ ಸಿಟಿ ಕಾಲೇಜಿನಿಂದ ಡಿಗ್ರಿ ಪಡೆದರು. ಪೋರ್ಟೊರಿಕೊದಲ್ಲಿ ಹುಟ್ಟಿ ಅಮೆರಿಕದ ಸಂಸತ್ತಿನಲ್ಲಿ ಮತ ಹಾಕುವ ಹಕ್ಕು ಪಡೆದ ಮೊದಲ ಸದಸ್ಯ. 1969ರಲ್ಲಿ ಬಾಗಿಲು ತೆರೆಯಬೇಕು ಅನ್ನುವವರ ಜೊತೆ ಇದ್ದವರು. ಮೂವತ್ತು ವರ್ಷ ಆದ ಮೇಲೆ ಆ ಬಾಗಿಲನ್ನು ಅರ್ಧ ಮುಚ್ಚಿದವರಲ್ಲಿ ಅವರೂ ಒಬ್ಬರು. ಅವರನ್ನು ದ್ರೋಹಿ ಅಂತ ಕರೆದವರು ಬಹಳ ಜನ. ನನಗೆ ಹಾಗೆ ಅನ್ನಿಸೋದಿಲ್ಲ. ತನ್ನ ಜನರ ಮಕ್ಕಳಿಗೆ ಕಡಿಮೆ ಬೆಲೆಯ ಡಿಗ್ರಿ ಸಿಗುತ್ತಿದೆ ಅಂತ ಅವರು ನಿಜಕ್ಕೂ ನಂಬಿದ್ದರು. ಕಷ್ಟಪಟ್ಟು ಮೇಲೆ ಬಂದವರಲ್ಲಿ ಇಂಥವರನ್ನು ನಮ್ಮೂರಲ್ಲೂ ನೋಡಿದ್ದೇನೆ. "ನಾನು ಬೀದಿ ದೀಪದ ಕೆಳಗೆ ಓದಿ ಬಂದೆ, ನಿನಗೇನಾಗಿದೆ?" ಅನ್ನುತ್ತಾರೆ. ಅವರ ಕಷ್ಟ ನಿಜ, ಮಕ್ಕಳು ಗೆಲ್ಲಲಿ ಅನ್ನೋ ಆಸೆಯೂ ನಿಜ. ಆದರೆ ತಮಗೆ ಯಾರು ಕೈ ಕೊಟ್ಟಿದ್ದರು ಅನ್ನೋದನ್ನು ಮರೆತಿರುತ್ತಾರೆ. ಫೀಸಿಲ್ಲದ ಕಾಲೇಜು ಅಂದರೆ ಒಂದು ದೊಡ್ಡ ಕೈ, ಅಲ್ವಾ?

ಬಾಗಿಲು ತೆರೆದದ್ದರಿಂದ ಏನಾಯಿತು ಅಂತ ಸರಿಯಾಗಿ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ಪಾಲ್ ಅಟ್‌ವೆಲ್ ಮತ್ತು ಡೇವಿಡ್ ಲ್ಯಾವಿನ್ ಅನ್ನೋ ಸಮಾಜಶಾಸ್ತ್ರಜ್ಞರು, 1970ರಿಂದ 1972ರೊಳಗೆ ಅಲ್ಲಿ ಸೇರಿದ್ದ ಸುಮಾರು 2,000 ಹೆಂಗಸರನ್ನು ಮೂವತ್ತು ವರ್ಷದ ನಂತರ ಹುಡುಕಿ ಮಾತಾಡಿಸಿದರು. ಅವರಲ್ಲಿ ಶೇ. 70ಕ್ಕೂ ಜಾಸ್ತಿ ಜನ ಒಂದಲ್ಲ ಒಂದು ಡಿಗ್ರಿ ಮುಗಿಸಿದ್ದರು. ನಾಲ್ಕು ವರ್ಷದಲ್ಲಿ ಅಲ್ಲ. ಮಕ್ಕಳನ್ನು ಹೆತ್ತು, ಕೆಲಸ ಮಾಡಿ, ಬಿಟ್ಟು, ಮತ್ತೆ ಸೇರಿ, ಹತ್ತು ಹದಿನೈದು ವರ್ಷ ಎಳೆದು ಮುಗಿಸಿದವರೂ ಇದ್ದರು. ಅವರ ಮಕ್ಕಳೂ ಓದಿನಲ್ಲಿ ಮುಂದೆ ಬಂದಿದ್ದರು. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುವ ಮೇಯರ್‌ಗೆ ಈ ಲೆಕ್ಕ ಕಾಣೋದು ಕಷ್ಟ.

ಮಿನೆಸೋಟ ವಿಶ್ವವಿದ್ಯಾಲಯದ ಕಥೆಯೂ ಹೆಚ್ಚೂ ಕಡಿಮೆ ಇದೇ. ಇಂಥ ಮಕ್ಕಳಿಗೆ ದಾರಿ ಆಗಿದ್ದ ಜನರಲ್ ಕಾಲೇಜು ಅಲ್ಲಿ 1932ರಿಂದ ಇತ್ತು. ಜಗತ್ತಿನ ಮೂರು ಅತ್ಯುತ್ತಮ ಸರ್ಕಾರಿ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಒಂದಾಗಬೇಕು ಅನ್ನೋ ಗುರಿ ಇಟ್ಟುಕೊಂಡು 2005ರಲ್ಲಿ ಅದನ್ನು ಮುಚ್ಚಲು ತೀರ್ಮಾನಿಸಿದರು.

ಇಲ್ಲಿಯವರೆಗಿನದು ಸುಲಭದ ಭಾಗ. ಯಾರ ಪರ ನಿಲ್ಲಬೇಕು ಅಂತ ನನಗೆ ಗೊತ್ತಿತ್ತು. ಆಮೇಲೆ ಬಂದ ಒತ್ತಡ ಬೇರೆ ಥರದ್ದು, ಅದರ ಮುಂದೆ ನಾನು ಬಹಳ ಸಲ ಸುಮ್ನೆ ಕೂತಿದ್ದೇನೆ.

2012ರಲ್ಲಿ ಕಂಪ್ಲೀಟ್ ಕಾಲೇಜ್ ಅಮೆರಿಕ ಅನ್ನೋ ಸಂಸ್ಥೆ ಒಂದು ವರದಿ ತಂದಿತು. ರಿಮೀಡಿಯಲ್ ಕ್ಲಾಸು ಎಲ್ಲಿಗೂ ಮುಟ್ಟಿಸದ ಸೇತುವೆ ಅಂತ ಅದರ ಹೆಸರಿನಲ್ಲೇ ಇತ್ತು. ಕರ್ನಾಟಕದ ಶಾಲೆಗಳಲ್ಲಿ ಜೂನ್ ತಿಂಗಳಲ್ಲಿ ನಡೆಸುವ ಇಂಥದ್ದೇ ಪಾಠಕ್ಕೆ 'ಸೇತುಬಂಧ' ಅಂತ ಹೆಸರು. ಒಂದೇ ಸೇತುವೆ, ಎರಡು ದೇಶಗಳಲ್ಲಿ ಎರಡು ಅರ್ಥ. ಅದನ್ನು ಓದಿದಾಗ ಸಿಟ್ಟು ಬಂತು. ಆಮೇಲೆ ಹೈಟಿಯ ಆ ಹೆಣ್ಣುಮಗಳು ಕಣ್ಣ ಮುಂದೆ ಬಂದರು.

ಅವರು ದಾಟಬೇಕಿದ್ದದ್ದು ಮೂರು ಮೆಟ್ಟಿಲು. ಅಂಕಗಣಿತ, ಆಮೇಲೆ ಬೀಜಗಣಿತ, ಆಮೇಲೆ ಇನ್ನೊಂದು ಬೀಜಗಣಿತ. ಮೂರು ಸೆಮಿಸ್ಟರ್. ಒಂದಕ್ಕೂ ಡಿಗ್ರಿಗೆ ಲೆಕ್ಕ ಹಿಡಿಯುವ ಕ್ರೆಡಿಟ್ ಇಲ್ಲ. ಫೀಸು ಮಾತ್ರ ಪೂರ್ತಿ, ಅದಕ್ಕೆ ಸರ್ಕಾರ ಕೊಡುವ ಗ್ರಾಂಟ್ ಕರಗುತ್ತ ಹೋಗುತ್ತದೆ. ಭಾಗಾಕಾರ ಬರುವ ಹೆಂಗಸನ್ನು ಭಾಗಾಕಾರ ಕಲಿಯಲು ಒಂದು ಸೆಮಿಸ್ಟರ್ ಕೂರಿಸಿದ್ದೆವು. ಪ್ರತಿ ಮೆಟ್ಟಿಲಿನಲ್ಲೂ ಒಂದಷ್ಟು ಜನ ಬಿಟ್ಟು ಹೋಗುತ್ತಿದ್ದರು. ಮಗುವಿಗೆ ಜ್ವರ, ಶಿಫ್ಟ್ ಬದಲಾಯಿತು, ಕಾರು ಕೆಟ್ಟಿತು. ಮೂರು ಮೆಟ್ಟಿಲು ಅಂದರೆ ಬಿಟ್ಟು ಹೋಗಲು ಮೂರು ಸಂದರ್ಭ. ಆ ವರದಿ ಬರೆದವರು ಹೇಳಿದ್ದರಲ್ಲಿ ನಿಜ ಇತ್ತು. ಅದನ್ನು ನನ್ನ ಕೋಣೆಯಲ್ಲೇ ನೋಡಿದ್ದೆ.

2013ರಲ್ಲಿ ನ್ಯೂಯಾರ್ಕಿನ ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಒಂದು ಪ್ರಯೋಗ ಮಾಡಿದರು. ಬೀಜಗಣಿತದ ರಿಮೀಡಿಯಲ್ ಬೇಕು ಅನ್ನಿಸಿಕೊಂಡವರಲ್ಲಿ ಕೆಲವರನ್ನು ಚೀಟಿ ಎತ್ತಿದ ಹಾಗೆ ಆರಿಸಿ ನೇರ ಕಾಲೇಜು ಮಟ್ಟದ ಸಂಖ್ಯಾಶಾಸ್ತ್ರಕ್ಕೆ ಹಾಕಿದರು. ಜೊತೆಗೆ ವಾರಕ್ಕೊಂದು ಹೆಚ್ಚಿನ ಕ್ಲಾಸು. ರಿಮೀಡಿಯಲ್‌ನಲ್ಲೇ ಉಳಿದವರಲ್ಲಿ ಪಾಸಾದವರು ಶೇ. 39. ನೇರ ಮೇಲಿನ ಕ್ಲಾಸಿಗೆ ಹೋದವರಲ್ಲಿ ಶೇ. 56. ಈ ಪದ್ಧತಿಗೆ ಕೋರಿಕ್ವಿಸಿಟ್ ಅನ್ನುತ್ತಾರೆ. ಮೊದಲು ಮೆಟ್ಟಿಲು, ಆಮೇಲೆ ಮನೆ ಅನ್ನೋದನ್ನು ಬಿಟ್ಟು, ಮನೆಯೊಳಗೇ ಕರೆದು ಜೊತೆಗೆ ಕೈ ಹಿಡಿಯೋದು.

ಇಂಥ ಒಳ್ಳೆಯ ವಿಚಾರ ಕಾನೂನು ಆಗುವಾಗ ಅದರ ಅರ್ಧ ಭಾಗ ದಾರಿಯಲ್ಲೇ ಉದುರಿ ಹೋಗುತ್ತದೆ. ಫ್ಲೋರಿಡಾ 2013ರಲ್ಲಿ ಕಾನೂನು ಮಾಡಿತು: ಅಲ್ಲಿನ ಸರ್ಕಾರಿ ಹೈಸ್ಕೂಲುಗಳಿಂದ ಇತ್ತೀಚೆಗೆ ಪಾಸಾದವರು, ಯಾವ ಮಟ್ಟದ ಕ್ಲಾಸು ಅಂತ ತೀರ್ಮಾನಿಸುವ ಪ್ಲೇಸ್‌ಮೆಂಟ್ ಪರೀಕ್ಷೆಯನ್ನೂ ಬರೆಯಬೇಕಿಲ್ಲ, ರಿಮೀಡಿಯಲ್ ಕ್ಲಾಸಿಗೂ ಹೋಗಬೇಕಿಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ಇದೇ ದಿಕ್ಕಿನ ಇನ್ನೊಂದು ಕಾನೂನು ಮಾಡಿತು. ಒಂದು ರಿಪಬ್ಲಿಕನ್ ರಾಜ್ಯ, ಒಂದು ಡೆಮಾಕ್ರಟಿಕ್ ರಾಜ್ಯ. ಈ ಒಂದು ವಿಷಯದಲ್ಲಿ ಎರಡೂ ಪಕ್ಷಗಳಿಗೆ ಜಗಳ ಇಲ್ಲ. ಒಬ್ಬರಿಗೆ ದುಡ್ಡು ಉಳಿಯುತ್ತದೆ, ಇನ್ನೊಬ್ಬರಿಗೆ ಸಮಾನತೆಯ ಅಂಕಿಅಂಶ ಚೆನ್ನಾಗಿ ಕಾಣುತ್ತದೆ. ಮೆಟ್ಟಿಲು ತೆಗೆಯಲು ಒಂದು ಸಹಿ ಸಾಕು. ಕೈ ಹಿಡಿಯುವವರನ್ನು ಇಡಬೇಕಾದರೆ ಪ್ರತಿ ವರ್ಷ ಸಂಬಳ ಕೊಡಬೇಕು.

ಕೈ ಹಿಡಿಯೋದು ಅಂದರೆ ಏನು ಅಂತ ತೋರಿಸಿದ ಕಾರ್ಯಕ್ರಮವೂ ನ್ಯೂಯಾರ್ಕಿನದೇ. 2007ರಲ್ಲಿ ಶುರುವಾದ ಅದನ್ನು ಎಲ್ಲರೂ 'ಎಸಾಪ್' ಅನ್ನುತ್ತಾರೆ. ವಿದ್ಯಾರ್ಥಿಗೆ ಒಬ್ಬ ಸಲಹೆಗಾರರು, ಪದೇ ಪದೇ ಭೇಟಿ ಆಗಲೇಬೇಕು. ಟ್ಯೂಷನ್. ಗ್ರಾಂಟ್ ಸಾಲದಿದ್ದರೆ ಉಳಿದ ಫೀಸು ಮನ್ನಾ. ಪುಸ್ತಕಕ್ಕೆ ಸಹಾಯ. ಇನ್ನೊಂದು ಅಂದರೆ ಆಗ ತಿಂಗಳಿಗೊಂದು ಮೆಟ್ರೊಕಾರ್ಡ್ ಕೊಡುತ್ತಿದ್ದರು, ನಮ್ಮ ಬಸ್ ಪಾಸ್ ಥರ. ರಿಮೀಡಿಯಲ್ ಬೇಕಿದ್ದ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಶೇ. 40. ಇದಿಲ್ಲದವರಲ್ಲಿ ಶೇ. 22. ಮೂರು ವರ್ಷಕ್ಕೆ ತಲೆಗೆ 16,300 ಡಾಲರ್ ಜಾಸ್ತಿ ಖರ್ಚು. ಆದರೆ ಮುಗಿಸುವವರು ಅಷ್ಟೊಂದು ಜಾಸ್ತಿಯಾದ್ದರಿಂದ ಒಂದು ಡಿಗ್ರಿಗೆ ಬೀಳುವ ಖರ್ಚು ಲೆಕ್ಕ ಹಾಕಿದರೆ ಕಡಿಮೆಯೇ ಆಯಿತು.

ಬಸ್ ಪಾಸ್ ಅಂದಾಗ ನಮ್ಮೂರ ಹುಡುಗಿಯರು ನೆನಪಾಗುತ್ತಾರೆ. ಪಾಸ್ ಸಿಗೋದು ಒಂದು ತಿಂಗಳು ತಡವಾಯಿತು ಅಂತ ಕಾಲೇಜು ಬಿಟ್ಟವರು ನನ್ನ ಜೊತೆಗೇ ಇದ್ದರು. ಅವರನ್ನು ಯಾರೂ ದಡ್ಡರು ಅನ್ನಲಿಲ್ಲ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕಿದರು.

ನಮ್ಮ ಕಾಲೇಜಿಗೂ ಮೇಲಿನಿಂದ ಆದೇಶ ಬಂತು. ಮೂರು ಮೆಟ್ಟಿಲು ಒಂದೇ ಬೇಸಿಗೆಯಲ್ಲಿ ಹೋದವು. ಹೈಟಿಯ ಹೆಣ್ಣುಮಗಳಂಥವರಿಗೆ ಅದು ಒಳ್ಳೆಯದೇ ಆಯಿತು. ಅವರು ಅಷ್ಟರಲ್ಲಿ ನರ್ಸಿಂಗ್ ಸೇರಿಯಾಗಿತ್ತು, ಆದರೆ ಅವರ ತಂಗಿ ಬಂದಾಗ ಮೊದಲ ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರ ಪಾಸು ಮಾಡಿದರು. ನನಗೆ ಬಹಳ ಖುಷಿಯಾಯಿತು. ಆದೇಶದಲ್ಲಿ ಹೆಚ್ಚಿನ ಕ್ಲಾಸು ಇರಬೇಕು ಅಂತಿತ್ತು. ಲ್ಯಾಬ್ ಬಗ್ಗೆ ಏನೂ ಇರಲಿಲ್ಲ. ಡೆವಲಪ್‌ಮೆಂಟಲ್ ವಿಭಾಗವೇ ಇಲ್ಲದ ಮೇಲೆ ಅದರ ಲ್ಯಾಬಿಗೆ ಬಜೆಟ್ ಎಲ್ಲಿಂದ? ಮೊದಲು ಶನಿವಾರ ನಿಂತಿತು. ಆಮೇಲೆ ಸಂಜೆ ನಿಂತಿತು. ಆರು ಟೇಬಲ್ ಮೂರಾದವು.

ಆ ಕೊನೆಯ ವರ್ಷ ಒಬ್ಬ ಹುಡುಗ ಬರುತ್ತಿದ್ದ. 19 ವರ್ಷ. ರಾತ್ರಿ ಪಾಳಿ, ಒಂದು ಗೋದಾಮಿನಲ್ಲಿ. ಮೊದಲ ದಿನ ಅವನ ಹಾಳೆಯಲ್ಲಿ ಅರ್ಧ ಕೂಡಿಸು ಮೂರನೇ ಒಂದು, ಉತ್ತರ ಐದನೇ ಎರಡು ಅಂತ ಇತ್ತು. ಮೇಲೆ ಮೇಲಿನದು ಕೂಡಿಸಿದ್ದ, ಕೆಳಗೆ ಕೆಳಗಿನದು. ಕಲಿಸುವವರು ಸಾವಿರ ಸಲ ನೋಡಿರುವ ತಪ್ಪು. ನಾನು ತಿದ್ದುವ ಬದಲು, "ಇದು ಹೇಗೆ ಬಂತು, ಹೇಳು" ಅಂದೆ.

"ಮಿಸ್, ಬಾಸ್ಕೆಟ್‌ಬಾಲ್ ಥರ. ಎರಡು ಸಲ ಎಸೆದೆ, ಒಂದು ಬಿತ್ತು. ಆಮೇಲೆ ಮೂರು ಸಲ ಎಸೆದೆ, ಒಂದು ಬಿತ್ತು. ಒಟ್ಟು ಐದಕ್ಕೆ ಎರಡು."

ನಾನು ಪೆನ್ಸಿಲ್ ಕೆಳಗಿಟ್ಟೆ. ಅವನು ಹೇಳಿದ್ದು ಪೂರ್ತಿ ಸರಿ. ಎಸೆತಗಳನ್ನು ಕೂಡಿಸುವಾಗ ಹಾಗೇ ಕೂಡಿಸಬೇಕು. ರೊಟ್ಟಿಯ ಅರ್ಧ ಮತ್ತು ರೊಟ್ಟಿಯ ಮೂರನೇ ಒಂದು ಭಾಗ ಕೂಡಿಸುವಾಗ ಮಾತ್ರ ಅದು ನಡೆಯೋದಿಲ್ಲ. ಯಾವಾಗ ನಡೆಯುತ್ತದೆ, ಯಾವಾಗ ಇಲ್ಲ? ಕಾಗದ ಮಡಿಚಿ, ಹರಿದು, ಅರ್ಧ ಗಂಟೆ ಕೂತೆವು. ಅರ್ಧಕ್ಕಿಂತ ಐದನೇ ಎರಡು ಚಿಕ್ಕದು ಅಂತ ಅವನಿಗೆ ತಾನಾಗೇ ಹೊಳೆಯಿತು. "ಕೂಡಿಸಿದರೆ ಕಡಿಮೆ ಆಗೋದು ಹೇಗೆ?" ಅಂತ ತನ್ನನ್ನೇ ಕೇಳಿಕೊಂಡ. ಶಾನೆಸಿ ಆ 4,000 ಹಾಳೆಗಳಲ್ಲಿ ಕಂಡದ್ದು ಇದನ್ನೇ ಇರಬೇಕು.

ಹಳೇ ಪದ್ಧತಿಯಲ್ಲಾಗಿದ್ದರೆ ಅವನಿಗೆ ಭಿನ್ನರಾಶಿಗೆ ಅಂತ ಒಂದು ಕ್ಲಾಸು ಇರುತ್ತಿತ್ತು. ಈಗ ನೇರ ಸಂಖ್ಯಾಶಾಸ್ತ್ರ. ಜೊತೆಗಿನ ಹೆಚ್ಚಿನ ಕ್ಲಾಸು ಮಧ್ಯಾಹ್ನ ಎರಡಕ್ಕೆ. ರಾತ್ರಿ ಪಾಳಿ ಮಾಡಿದವನು ಮಲಗುವ ಹೊತ್ತು ಅದು. ಅವನು ಮೂರು ವಾರ ಬಂದ. ಕೆಂಪಗಾದ ಕಣ್ಣು, ಜಾಕೆಟ್ ಮೇಲೆ ರಟ್ಟಿನ ಪೆಟ್ಟಿಗೆಯ ಧೂಳು. ನಾಲ್ಕನೇ ವಾರ ಬರಲಿಲ್ಲ. ಆ ವರ್ಷದ ಪಾಸಿನ ಪ್ರಮಾಣದ ಪಟ್ಟಿಯಲ್ಲಿ ಅವನು ಎಲ್ಲಿ ಸೇರಿದ, ಯಾವ ಕಾಲಂನಲ್ಲಿ, ನನಗೆ ಯಾರೂ ತೋರಿಸಲಿಲ್ಲ.

ಮೇ ತಿಂಗಳಲ್ಲಿ ಲ್ಯಾಬ್ ಮುಚ್ಚಿತು. ಟೇಬಲುಗಳನ್ನು ಬೇರೆ ಕೋಣೆಗೆ ಒಯ್ದರು. ಪೆನ್ಸಿಲ್ ಡಬ್ಬಿ ನಾನು ಮನೆಗೆ ತಂದೆ.

ಹೋದ ವಾರ ಒಂದು ಇಮೇಲ್ ಬಂತು, ಆ ಹುಡುಗನಿಂದ. ಪಾಳಿ ಬದಲಾಗಿದೆಯಂತೆ, ಈಗ ಹಗಲು. ಸೆಪ್ಟೆಂಬರ್‌ನಲ್ಲಿ ಮತ್ತೆ ಸೇರಬೇಕು ಅಂತಿದ್ದಾನೆ. ಕೆಳಗಿನ ಕೋಣೆ ಸಂಜೆ ಎಷ್ಟು ಗಂಟೆವರೆಗೆ ತೆರೆದಿರುತ್ತದೆ ಅಂತ ಕೇಳಿದ್ದ. ಆ ಕೋಣೆ ಈಗ ಇಲ್ಲ ಅಂತ ಬರೆದೆ. ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಮಕ್ಕಳ ವಿಭಾಗದ ಹಿಂದೆ ಒಂದು ಟೇಬಲ್ ಇದೆ, ಮಂಗಳವಾರ ಸಂಜೆ ಆರಕ್ಕೆ ಬಾ, ಒಂದು ಹೊಸ ನೋಟ್‌ಬುಕ್ ತಾ ಅಂತಲೂ ಬರೆದೆ. ಸ್ಕೇಲ್ ನನ್ನ ಹತ್ತಿರ ಇದೆ.